ವರ್ಷದಾಗ ಆರು ವಾರ ಬಾಂಬು

ನಮ್ಮನಿಯವರ ಕೆಲಸ ಏನು ಅಂತ ಯಾರರೆ ಕೇಳಿದ್ರ ನನಗ ಮೈ ಉರೀತದ. ವರ್ಷದಾಗ ನಲವತ್ತಾರು ವಾರ ಇಲ್ಲೇ ಜರ್ಮನಿಯ ನ್ಯೂರೆಂಬರ್ಗಿನ ಒಂದು ಕಂಪನ್ಯಾಗ ಕಾರಿನ ಬ್ರೇಕ್ ಡಿಸೈನ್ ಮಾಡ್ತಾರ. ಉಳಿದ ಆರು ವಾರ ಸೈನ್ಯದ ಯೂನಿಫಾರ್ಮ್ ಹಾಕ್ಕೊಂಡು ಹೋಗಿ ಬಾಂಬು ಬಿಚ್ಚತಾರ. ಮಂದಿ ರಜಾ ತಗೊಂಡು ಇಟಲಿಗೆ ಹೋಗ್ತಾರ, ನಮ್ಮ ಸಂತೋಷಕುಮಾರ ಹೂಗಾರ ಅವರು ಎಂಬತ್ತು ವರ್ಷದ ಹಿಂದ ಮಹಾಯುದ್ಧದಾಗ ಬಿದ್ದ ಬಾಂಬಿನ ಮುಂದ ಮೊಣಕಾಲೂರಿ ಕೂಡತಾರ!

ಆರು ವರ್ಷದವರಿದ್ದಾಗ ಅಪ್ಪ-ಅವ್ವನ ಜೋಡಿ ಧಾರವಾಡದಿಂದ ಬಂದವರು. ಎಂಜಿನಿಯರಿಂಗ್ ಓದೋಕಿಂತ ಮೊದಲ ಎಂಟು ವರ್ಷ ಇಲ್ಲಿನ ಸೈನ್ಯದಾಗಿದ್ದು ಈ ವಿದ್ಯಾ ಕಲ್ತರು. "ಕಲ್ತದ್ದನ್ನ ಮರೀಬೇಕೇನು ಲಾವಣ್ಯಾ?" ಅಂತ ನನ್ನನ್ನೇ ಕೇಳ್ತಾರ. ಮರೀರಿ ಅಂತೀನಿ ನಾ! ಮನ್ಯಾಗ ಒಂಬತ್ತು ವರ್ಷದ ಮಗಳು ಪವಿ ಅದಾಳ. ಕಿವಿಗೇ ಹಾಕ್ಕೊಳ್ಳೂದಿಲ್ಲ.

ನಮ್ಮ ಅತ್ತಿ ಅನ್ನಪೂರ್ಣವ್ವಗ ಮಾತ್ರ "ಮಿಲಿಟರಿ ಗಾಡಿ ರಿಪೇರಿ" ಅಂತ ಹೇಳಿಟ್ಟಿದ್ದರು. ನನ್ನ ಕಡೆಯಿಂದ ಆಣಿ ಹಾಕಿಸಿಕೊಂಡಿದ್ದರು. ಅತ್ತಿಗೆ ಗೊತ್ತಾದ್ರ ಒಂದೇ ಮಾತಿನಾಗ ಬಿಡಿಸ್ತಿದ್ದರು. ಜಗತ್ತಿನಾಗ ಅವ್ವನ ಮಾತೊಂದೇ ಇವರು ಮೀರೂದಿಲ್ಲ. ಅಷ್ಟೂ ಗೊತ್ತಿದ್ದು ಏಳು ವರ್ಷ ಬಾಯಿ ಮುಚ್ಚಿಕೊಂಡು ಕುಂತೆ, ನನ್ನಂಥಾ ಹುಚ್ಚಿ ಯಾರದಾರ?

ಹೋದ ನವರಾತ್ರ್ಯಾಗ ನಮ್ಮ ಮನಿ ಹತ್ತರ ಸೈನ್ಯದ ಹಳೇ ಮೈದಾನದಾಗ ಪಾಯಾ ತೋಡೋ ಮಷೀನು ಬಾಂಬಿಗೆ ತಗಲಿತು. ಆ ವಾರ ಡ್ಯೂಟಿ ಇವರದೇ. ಅದರ ಒಳಗ ಆಸಿಡ್ ಇರ್ತದಂತ. ಒಮ್ಮೆ ಅಲುಗಾಡಿತಂದ್ರ ಯಾವಾಗ ಸಿಡೀತದ ಯಾರಿಗೂ ಗೊತ್ತಿಲ್ಲ. ತಡ ಆದಷ್ಟೂ ಮುಟ್ಟೋವರ ಜೀವಕ್ಕ ಅಪಾಯ. ಆದ್ರ ಸುತ್ತ ಒಂದು ಕಿಲೋಮೀಟರಿನಾಗಿನ ಕಟ್ಟಕಡೀ ಮನಷ್ಯಾ ಹೊರಗ ಹೋಗೋತನಕ ಮುಟ್ಟಂಗಿಲ್ಲ. ಕಾಯ್ದೆ!

ಪೊಲೀಸರು ಮನಿಮನಿ ಬಾಗಿಲಾ ಬಡದರು. "ನೀವು ನಡೀರಿ, ನಾ ವಯಸ್ಸಾದವರ ಬಸ್ಸಿಗೆ ಬರ್ತೀನಿ" ಅಂದರು ಅತ್ತಿ. ನಂಬಿದೆ. ಪವಿನ್ನ ಕರಕೊಂಡು ಸಾಲಿ ಜಿಮ್ ಹಾಲಿನಾಗ ಕುಂತೆ. ಬಸ್ಸು ಬಂತು, ಅತ್ತಿ ಬರಲಿಲ್ಲ. ಬ್ಯಾರೆ ಹಾಲಿಗೆ ಒಯ್ದಾರೇನೋ ಅನ್ಕೊಂಡೆ. ಎರಡು ತಾಸಿನ ಮ್ಯಾಲ ಪೊಲೀಸಿನಾಕಿ ಬಂದು, "ಹೂಗಾರ ಅನ್ನೋರು ಯಾರು?" ಅಂತ ಕೂಗಿದಳು. ನಮ್ಮ ಮೂರನೇ ಮಹಡಿ ಕಿಡಕ್ಯಾಗ ಡ್ರೋನಿಗೆ ದೀಪ ಕಂಡಿತ್ತಂತ. ಬಾಗಿಲಾ ಬಡದ್ರ ಒಳಗಿನವರು ತಗೀವಲ್ಲರಂತ.

ದೇವರ ಮುಂದ ಘಟ್ಟ ಹಾಕಿ ನಂದಾದೀಪ ಹಚ್ಚಿದ ಮನಿ! ಒಂಬತ್ತು ದಿನ ದೀಪ ಆರಬಾರದು, ಮನಿಗೆ ಕೀಲಿ ಹಾಕಬಾರದು. ಅದಕ್ಕಂತ ಈ ಹೆಣ್ಮಗಳು ಆರು ಸಾವಿರ ಮಂದಿನ್ನ ಹೊರಗ ಕೂಡಿಸಿ ತಾ ಒಳಗ ಕುಂತಿದ್ದರು. ಫೋನ್ ಹಚ್ಚಿದೆ.

"ಅತ್ತಿ, ಬಾಗಿಲಾ ತಗೀರಿ!"

"ಹೆಂಗ ಬರಲೇ ಯವ್ವಾ? ಸಂತ್ಯಾನ ಹೆಸರಿಲೇ ಹಚ್ಚೀನಿ. ಆರಿದ್ರ ಅವಗ ಕೇಡು."

ನನ್ನ ಸಿಟ್ಟು ನೆತ್ತಿಗೇರಿತು. ಏಳು ವರ್ಷದ್ದು ಒಮ್ಮೆಲೇ ಬಂತು ಬಾಯಾಗ. "ಗಾಡಿ ರಿಪೇರಿ ಅಲ್ಲ, ಮಣ್ಣೂ ಅಲ್ಲ! ಆ ಬಾಂಬು ಬಿಚ್ಚೋವರು ನಿಮ್ಮ ಮಗನ. ನೀವು ಹೊರಗ ಬರಲೆಂತ ಕಾಯಕತ್ಯಾರ. ತಡ ಆತಂದ್ರ ಅದು ಸಿಡಿಯೋದು ಅವರ ಮುಖಕ್ಕ!"

ಆ ಕಡೆ ಉಫ್ ಅಂತ ದೀಪ ಊದಿದ್ದು ಕೇಳಿತು, ಹಿಂದೇ ಚಿಲಕ ತಗದ ಸಪ್ಪಳ.

ಹಾಲಿಗೆ ಬಂದು ನನ್ನ ಮಗ್ಗಲಕ್ಕ ಕುಂತರು. ನನ್ನ ಮಾರಿ ನೋಡಲಿಲ್ಲ, ಪವಿ ಕೊಟ್ಟ ನೀರೂ ಕುಡೀಲಿಲ್ಲ. ಸಂಜಿ ನಾಕೂವರಿಗೆ ಮೈಕಿನಾಗ "ಮುಗೀತು" ಅಂದರು, ಮಂದಿ ಚಪ್ಪಾಳಿ ಹೊಡದರು. ತಾಸಿನ ಮ್ಯಾಲ ಇವರು ಬಂದರು, ಯೂನಿಫಾರ್ಮ್ ತುಂಬ ಕೆಸರು. ಅವ್ವನ ಮುಂದ ಕಳ್ಳನಂಗ ನಿಂತರು.

ಈ ಕೆಲಸ ಬಿಡು ಅಂತಾರ, ಈಗ ಅಂತಾರ ಅಂತ ನಾ ಕಾದೆ.

ಅತ್ತಿ ಮಗನ ಎರಡೂ ಕೈ ಹಿಡದು, ಹೊಳ್ಳಿಸಿ ಹೊಳ್ಳಿಸಿ ನೋಡಿದರು. ಒಂದೊಂದೂ ಬಟ್ಟು ಮುಟ್ಟಿದರು.

"ನನ್ನಿಂದ ಎರಡು ತಾಸು ತಡ ಆತಲ್ಲೋ ನಿನಗ" ಅಂದರು. "ಮುಂದಿನ ಸಲ ನನಗ ಮೊದಲ ಹೇಳು. ಎಲ್ಲಾರಕಿಂತ ಮುಂಚೆ ನಾ ಹೊರಗ ಬರ್ತೀನಿ."

ಮುಂದಿನ ಸಲ ಅಂತ!