ನಮ್ಮ ಮನೆಯ ಉಪಸಭಾಪತಿ

ಮೊನ್ನೆ ಮಧ್ಯಾಹ್ನ ಮಿರಜದ ನಮ್ಮ ಮನೆಯ ಟಿವಿಯಲ್ಲಿ ರಾಜ್ಯಸಭೆಯ ಕಲಾಪ ನಡೆದಿತ್ತು. ನಡೆದಿತ್ತು ಅನ್ನುವುದು ಮರ್ಯಾದೆಯ ಮಾತು; ಅಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದರೋ ಆ ದೇವರೇ ಬಲ್ಲ. ಚಾನಲ್ ಬದಲಿಸೋಣವೆಂದು ನಾನು ರಿಮೋಟ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಸಭಾಪತಿಗಳು ಎದ್ದು ನಿಂತರು. ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದ ಅವ್ವ ಕನ್ನಡಕದ ಮೇಲಿಂದ ನೋಡಿ, "ಸಭಾಪತಿ ಎದ್ದರಂದ್ರ ಉಳದವರು ಕುಂದರಬೇಕು. ಅಷ್ಟೂ ತಿಳೀವಲ್ದು ಇವರಿಗೆ," ಅಂದಳು.

ಅವ್ವನಿಗೆ ಈ ನಿಯಮ ಗೊತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ. ಸಾಂಗಲಿಯ ನಮ್ಮ ಹಳೆಯ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಕಾರಣ ನಮ್ಮ ಆತ್ಯಾ, ಅಂದರೆ ಅಪ್ಪನ ತಂಗಿ.

ಪೇಟೆಯಲ್ಲಿ ನಮ್ಮದು ಅರಿಷಿಣದ ವ್ಯಾಪಾರ. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಕಾಕಾ, ಕಾಕೂ, ಆತ್ಯಾ, ಕೊನೆಗೆ ನಾನು. ಆತ್ಯಾ ಮಿರಜದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಗರಿಕಶಾಸ್ತ್ರ ಕಲಿಸುತ್ತಿದ್ದಳು. ಉಳಿದವರು ಪಾಠವನ್ನು ಶಾಲೆಯಲ್ಲೇ ಬಿಟ್ಟು ಬರುತ್ತಾರೆ. ಇವಳು ಮನೆಗೆ ಹೊತ್ತು ತಂದಳು. ಅಪ್ಪನಿಗೂ ಕಾಕಾನಿಗೂ ಒಂದು ಮಾತಿಗೂ ಹೊಂದಿಕೆಯಿಲ್ಲ. ಗೋಡೆಯ ಬಣ್ಣಕ್ಕೂ ಜಗಳ. ಒಂದು ರವಿವಾರ ಆತ್ಯಾ ಬೇಸತ್ತು, ಇನ್ನು ಮುಂದೆ ಈ ಮನೆಯಲ್ಲಿ ರಾಜ್ಯಸಭೆಯ ಪದ್ಧತಿ ಎಂದು ಸಾರಿ, ಪಡಸಾಲೆಯ ಎತ್ತರದ ಕುರ್ಚಿಯಲ್ಲಿ ಕೂತೇಬಿಟ್ಟಳು. ಜೋಕಾಲಿಯ ಮೇಲೆ ಅಪ್ಪ, ಅದು ಸರಕಾರ. ಕಿಡಕಿಯ ಬದಿಗೆ ಕಾಕಾ, ವಿರೋಧ ಪಕ್ಷ. ಬಾಗಿಲಲ್ಲಿ ನಿಂತು "ಮಾನನೀಯ ಸಭಾಪತಿ" ಎಂದು ಕೂಗುವ ಮಾರ್ಷಲ್ ನಾನು. ಮತ ಇಲ್ಲ, ಗಂಟಲು ಮಾತ್ರ. ಉಪಸಭಾಪತಿ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಚಹಾ ಹಿಡಿದು ನಿಂತಿದ್ದ ಅವ್ವನ ಕಡೆ ಕೈ ತೋರಿಸಿದರು. ಬಾಯಿ ಬಿಡದ ಹೆಂಗಸು, ಯಾರಿಗೂ ಅಡಚಣೆಯಿಲ್ಲ. ಆ ಮನೆಯಲ್ಲಿ ನಾನು ಕಂಡ ಒಮ್ಮತ ಅದೊಂದೇ.

ರಾಜ್ಯಸಭೆಯ ಸಭಾಪತಿ ಕುರ್ಚಿಯ ಚರಿತ್ರೆಯೆಂದರೆ ಆತ್ಯಾಗೆ ಪ್ರಾಣ. ಊಟಕ್ಕೆ ಕೂತಾಗಲೂ ಅದೇ ಕಥೆ. ಬ್ರಿಟಿಷರ ಕಾಲದ ಮೇಲ್ಮನೆಗೆ ಗವರ್ನರ್ ಜನರಲ್ ಸಾಹೇಬ ತನಗೆ ಬೇಕಾದವರನ್ನು ಅಧ್ಯಕ್ಷರಾಗಿ ನೇಮಿಸುತ್ತಿದ್ದನಂತೆ. ಸಂವಿಧಾನ ಬರೆದವರು ಅದನ್ನು ಬಿಟ್ಟು ಉಪರಾಷ್ಟ್ರಪತಿಯನ್ನೇ ತಂದು ಕೂರಿಸಿದರು. ಆದರೆ ನೋಡಿ, ಆತ ಆ ಸಭೆಯ ಸದಸ್ಯನೇ ಅಲ್ಲ. ಎಲ್ಲರ ಮಾತು ಕೇಳಬೇಕು, ತನ್ನ ಮಾತು ನುಂಗಿಕೊಳ್ಳಬೇಕು. ಎರಡೂ ಕಡೆ ಸಮ ಸಮ ಬಿದ್ದರೆ ಮಾತ್ರ ಅವನಿಗೊಂದು ಮತ. "ಮನಿಯೊಳಗ ಇದ್ದೂ ಮನಿಯಂವ ಅಲ್ಲ," ಎಂದು ಆತ್ಯಾ ನಗುತ್ತಿದ್ದಳು. ಅಣ್ಣಂದಿರ ಮನೆಯಲ್ಲಿ ಮದುವೆಯಿಲ್ಲದೆ ನಲವತ್ತು ದಾಟಿದ ಹೆಂಗಸು ಈ ಮಾತು ಹೇಳುತ್ತಿದ್ದಾಳೆ ಎಂದು ನನಗೆಲ್ಲಿ ಹೊಳೆಯಬೇಕು! ನನ್ನ ಲಕ್ಷ್ಯವೆಲ್ಲ ಹಪ್ಪಳದ ಮೇಲೆ.

ಆತ್ಯಾ ಶಾಲೆಗೆ ರೈಲಿನಲ್ಲಿ ಹೋಗಿಬರುತ್ತಿದ್ದಳು. ಮಿರಜ ಜಂಕ್ಷನ್ನಿನಲ್ಲಿ ಒಬ್ಬ ಟಿಸಿ ಇದ್ದರು, ಹತ್ತಿರದ ಆರಗ ಊರಿನವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ದಿನವೂ ಆತ್ಯಾಳ ಪಾಸು ಕೇಳಿ, ಹಿಂದೆ ಮುಂದೆ ತಿರುಗಿಸಿ ನೋಡಿ ಕೊಡುತ್ತಿದ್ದರಂತೆ. ಮುಖ ಗೊತ್ತು, ಹೆಸರು ಗೊತ್ತು, ಆದರೂ ತಪಾಸಣೆ ತಪ್ಪದು. ಇವಳೇನು ಕಡಿಮೆಯೇ? ಪಾಸನ್ನು ಪರ್ಸಿನ ತಳದಲ್ಲಿಟ್ಟು ಸಾವಕಾಶ ಹುಡುಕುತ್ತಿದ್ದಳಂತೆ. ಇಂಥ ತಪಾಸಣೆ ವರ್ಷಗಟ್ಟಲೆ ನಡೆದರೆ ಏನಾಗಬೇಕೋ ಅದೇ ಆಯಿತು.

ಒಂದು ರವಿವಾರ ನಾನು ಎಂದಿನಂತೆ ಕೂಗಿದೆ. ಆತ್ಯಾ ಬಂದಳು, ಆದರೆ ಕುರ್ಚಿಯಲ್ಲಿ ಕೂರಲಿಲ್ಲ. "ಸಭಾಪತೀನ ಕಳಸೂ ಠರಾವು ಬಂದಾಗ ಸಭಾಪತಿ ಕುರ್ಚಿ ಮ್ಯಾಲ ಕುಂದರೂ ಹಂಗಿಲ್ಲ. ವೈನಿ, ನೀವು ಬರ್ರಿ," ಎಂದು ಅವ್ವನನ್ನು ಕರೆದಳು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಳು.

ಆತ್ಯಾ ಜಮಖಾನೆಯ ಮೇಲೆ ಕೂತು ವಿಷಯ ಬಿಚ್ಚಿದಳು. ಟಿಸಿ ಸಾಹೇಬರನ್ನು ಮದುವೆಯಾಗಬೇಕೆಂದಿದ್ದೇನೆ. ಸಭೆ ಬೇಡವೆಂದರೆ ಈ ಮಾತನ್ನು ಇನ್ನೊಮ್ಮೆ ಎತ್ತುವುದಿಲ್ಲ ಎಂದಳು. ಈ ವಯಸ್ಸಿನಲ್ಲಿ ಬಾಸಿಂಗ ಕಟ್ಟಿದರೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ ಎಂದು ಅಪ್ಪ ಸಿಡುಕಿದ. ಅಜ್ಜಿಗೆ ಮಗಳು ಕಣ್ಣೆದುರೇ ಇರಬೇಕು. ಅವಳೂ ಅಪ್ಪನ ಕಡೆಯಾದಳು. ಅಣ್ಣ ಬೇಡವೆಂದ ಒಂದೇ ಕಾರಣಕ್ಕೆ ಕಾಕಾ ಆಗಲೇಬೇಕೆಂದು ಕೈ ಎತ್ತಿದ. ಕಾಕೂ ಮಾತ್ರ ಮನಸಾರೆ ಎತ್ತಿದಳು. ಇಂಥ ಠರಾವಿನಲ್ಲಿ ಆತ್ಯಾ ಮಾತಾಡಬಹುದು, ಮತ ಹಾಕುವ ಹಾಗಿಲ್ಲ, ಅದೂ ನಿಯಮವೇ. ಸಮ ಸಮ ಆಯಿತು.

ಎಲ್ಲರೂ ಅವ್ವನ ಕಡೆ ತಿರುಗಿದರು. ಅಪ್ಪನಿಗೆ ಚಿಂತೆಯೇ ಇರಲಿಲ್ಲ. ಹೆಂಡತಿಯ ಮತವೆಂದರೆ ತನ್ನದೇ ಎರಡನೆಯ ಮತ ಎಂದುಕೊಂಡಿದ್ದ. ಆತ್ಯಾ ತಲೆ ಬಗ್ಗಿಸಿ ಜಮಖಾನೆಯ ದಾರ ಕೀಳುತ್ತಿದ್ದಳು. ನನಗೋ ಅಳು ಬರುವುದೊಂದು ಬಾಕಿ. ಅವ್ವ ಮೆಲ್ಲಗೆ ಎದ್ದು ನಿಂತಳು.

"ಆಗ್ಲಿ. ಮದವಿ ಆಗ್ಲಿ."

ಅಪ್ಪ ಜೋಕಾಲಿಯಿಂದ ಧಡಕ್ಕನೆ ಎದ್ದ. ಅವ್ವ ನಿಂತೇ ಇದ್ದಳು.

"ನಾ ನಿಂತೇನಿ. ನೀವು ಕುಂದರ್ರಿ."

ಅಪ್ಪ ಕೂತ. ಹೌದು ಮಾರಾಯರೇ, ಕೂತ.

ಮದುವೆ ಮಿರಜದಲ್ಲಿ ಚಂದಾಗಿ ಆಯಿತು. ನಗಲು ಬಂದವರು ಹೊಟ್ಟೆ ತುಂಬ ಉಂಡು ಹೋದರು. ಸಂಬಂಧ ಕುದುರಿಸಿದವನೇ ತಾನು ಎಂಬಂತೆ ಅಪ್ಪ ಪೇಢೆ ಹಂಚುತ್ತ ಓಡಾಡಿದ. ಆತ್ಯಾ ಈಗಲೂ ಇಲ್ಲೇ ಎರಡು ಗಲ್ಲಿಯಾಚೆ ಇದ್ದಾಳೆ. ಅವಳ ಯಜಮಾನರು ಈಗ ಪಾಸಿನ ಬದಲು ಅವಳ ಔಷಧದ ಡಬ್ಬಿ ತಪಾಸಣೆ ಮಾಡುತ್ತಾರೆ.

ಅವ್ವ ಅಂದು ಹಾಗೆ ಮತ ಹಾಕಿದ್ದು ನಾದಿನಿಯ ಮೇಲಿನ ಮಮತೆಯಿಂದ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಆದರೆ ನಿಜ ಹೇಳಬೇಕೆಂದರೆ ಇಬ್ಬರಿಗೂ ಅಂಥ ಗೆಳೆತನವೇನೂ ಇರಲಿಲ್ಲ. ಅವ್ವನ ಚಹಾದಲ್ಲಿ ಆತ್ಯಾ ದಿನಾ ಹುಳುಕು ತೆಗೆಯುತ್ತಿದ್ದಳು. ಮೊನ್ನೆ ಟಿವಿ ಬಂದ್ ಮಾಡಿ ಕೇಳಿಯೇಬಿಟ್ಟೆ: ಅಪ್ಪನ ಎದುರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತವ್ವ?

ಅವಳು ಕೈಯಲ್ಲಿದ್ದ ಬಳ್ಳೊಳ್ಳಿ ಸುಲಿದು ಕೆಳಗಿಟ್ಟಳು.

"ಆ ಮನಿಗೆ ಬಂದಾಗಿಂದ ನನ್ನ ಯಾರೂ ಏನೂ ಕೇಳಿರಲಿಲ್ಲ. ಅವತ್ತ ಕೇಳಿದ್ರು. ಮೊದಲನೇ ಮಾತಽ ಬ್ಯಾಡ ಅಂತ ಹೆಂಗ ಅನ್ಲಿ?"

ಅವ್ವ ಮಿರಜಕ್ಕೆ, ನನ್ನ ಮನೆಗೆ ಬಂದು ಎಷ್ಟೋ ವರ್ಷವಾಯಿತು. ದಿನವೂ ಅಡಿಗೆ ಏನೆಂದು ಠರಾಯಿಸುವವಳು ನಾನೇ. ರಾತ್ರಿಗೆ ಏನು ಮಾಡಲಿ ಎಂದು ಮೊನ್ನೆ ಮೊದಲ ಸಲ ಅವಳನ್ನು ಕೇಳಿದೆ.

"ಝುಣಕಾ," ಅಂದಳು, ನನ್ನ ಮಾತು ಮುಗಿಯುವ ಮೊದಲೇ.