ಒಂದು ಪ್ರಶ್ನೆಗೆ ಒಂದು ಕೋಲು

ನಾನು ಚಿಕ್ಕವನಿದ್ದಾಗ ಆಷಾಢ ಕಳೆದು ಶ್ರಾವಣ ಬಂತೆಂದರೆ ನಮ್ಮೂರಿನಲ್ಲಿ ಹೆಚ್ಚುಕಡಿಮೆ ಎಲ್ಲರ ಅಂಗೈಯೂ ಕಪ್ಪಾಗುತ್ತಿತ್ತು. ಬೆಟ್ಟದಪುರದ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು ನಮ್ಮೂರು. ಸುತ್ತ ಎಲ್ಲಿ ನೋಡಿದರೂ ಹೊಗೆಸೊಪ್ಪಿನ ಹೊಲ. ಹಸಿ ಸೊಪ್ಪನ್ನು ಮುರಿದು ತಂದು, ಮೂರು ನಾಲ್ಕು ಎಲೆಗಳನ್ನು ಸೇರಿಸಿ, ಉದ್ದನೆಯ ಕೋಲಿನ ಎರಡೂ ಬದಿಗೆ ದಾರದಿಂದ ಕಟ್ಟುತ್ತಿದ್ದರು. ಆಮೇಲೆ ಆ ಕೋಲುಗಳನ್ನು ಬ್ಯಾರನ್ನು ಎಂಬ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಒಲೆಗೆ ಸೌದೆ ಒಟ್ಟಿ, ಬಿಸಿಯಲ್ಲಿ ಹದವಾಗಿ ಒಣಗಿಸಬೇಕು. ಆ ಎಲೆಯಲ್ಲಿ ಒಂದು ತರಹದ ಅಂಟು ಇರುತ್ತದೆ. ಕೈಗೆ ಹತ್ತಿದಾಗ ಹಸಿರು, ಸ್ವಲ್ಪ ಹೊತ್ತಿಗೆ ಕಂದು, ಸಂಜೆಗೆ ಕಪ್ಪು. ಹುಣಸೆಹಣ್ಣು ಹಾಕಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆಯೂ ಕಹಿಯಾಗುತ್ತಿತ್ತು.

ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ, ನನ್ನ ಕೈ ಮಾತ್ರ ಬೆಳ್ಳಗಿದ್ದ ಒಂದು ದಿನದ ಕಥೆ ಇದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಮಕ್ಕಳೇ, ನಿಮಗೆ ಹೇಳಲೇಬೇಕು.

ನಾನಾಗ ಏಳನೇ ಕ್ಲಾಸಿನಲ್ಲಿದ್ದೆ. ನಮ್ಮ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿಗೆ. ಐದು, ಆರು, ಏಳು, ಮೂರೂ ಕ್ಲಾಸಿನವರು ಒಂದೇ ಉದ್ದನೆಯ ಕೋಣೆಯಲ್ಲಿ ಕೂರುತ್ತಿದ್ದೆವು. ಒಬ್ಬರೇ ಮೇಷ್ಟ್ರು. ಇಂಗ್ಲಿಷಿನಲ್ಲಿ ಇಡೀ ಶಾಲೆಗೆ ನಾನೇ ಮುಂದು. 'ಗೊತ್ತಾಗದೇ ಇದ್ರೆ ಅವನನ್ನ ಕೇಳಿ' ಎಂದು ಮೇಷ್ಟ್ರು ಚಿಕ್ಕ ಮಕ್ಕಳಿಗೆ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಆಗ ನನ್ನ ಜಂಭ ನೋಡಬೇಕಿತ್ತು ನೀವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡಹಗಲೇ ಹಿಡಿದಿದ್ದೆ, ಅಷ್ಟೇ.

ಆ ಜಾಣತನದ ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಪುಸ್ತಕಗಳೆಲ್ಲ ಅಕ್ಕ ಓದಿ ಬಿಟ್ಟ ಪುಸ್ತಕಗಳು. ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಪ್ರತಿ ಇಂಗ್ಲಿಷ್ ಸಾಲಿನ ಕೆಳಗೂ ಅವಳು ಪೆನ್ಸಿಲಿನಲ್ಲಿ ಸಣ್ಣದಾಗಿ ಅರ್ಥ ಬರೆದಿದ್ದಳು. ವ್ಯಾಕರಣದ ಪ್ರಶ್ನೆಗಳಿಗೆಲ್ಲ ಅಂಚಿನಲ್ಲಿ ಉತ್ತರವಿತ್ತು, ಯಾಕೆ ಹಾಗೆ ಎಂಬುದೂ ಇತ್ತು. ನಾನು ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸುತ್ತಿದ್ದೆ.

ಅಕ್ಕ ಏಳನೇ ಕ್ಲಾಸು ಮುಗಿಸಿದ ಮೇಲೆ ಶಾಲೆಗೆ ಹೋಗಲಿಲ್ಲ. ಹೈಸ್ಕೂಲು ಪಿರಿಯಾಪಟ್ಟಣದಲ್ಲಿತ್ತು. ಅಲ್ಲೇ ಉಳಿದು ಓದಬೇಕು. 'ಈ ಮನೆಯಿಂದ ಒಬ್ರುನ್ನ ಕಳಿಸ್ಬೋದು. ನಿನ್ನ ತಮ್ಮ ಇಂಗ್ಲಿಷಲ್ಲಿ ಉಸಾರು ಅಂತವ್ರೆ ಮೇಷ್ಟ್ರು, ಅವ್ನು ಓಗ್ಲಿ ಬುಡು' ಎಂದಿದ್ದ ಅಪ್ಪ. ಅಕ್ಕ ತನ್ನ ಪುಸ್ತಕಗಳ ಧೂಳು ಒರೆಸಿ ನನ್ನ ಚೀಲಕ್ಕೆ ಹಾಕಿದಳು. ಅಂದರೆ ನಾನು ಹೈಸ್ಕೂಲಿಗೆ ಹೋಗಬೇಕಾದರೆ ನನ್ನ ಇಂಗ್ಲಿಷಿನ ಹೆಸರು ಉಳಿಯಬೇಕಿತ್ತು.

ಅದೊಂದು ಭಾನುವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಬೆಟ್ಟದ ಮೇಲರ್ಧ ಮೋಡದೊಳಗೆ ಮುಳುಗಿತ್ತು. ಅಪ್ಪ ಅಮ್ಮ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸೊಪ್ಪು ಮುರಿಯಲು ಹೊಲಕ್ಕೆ ಹೋಗಿದ್ದರು. ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಹಸಿ ಸೊಪ್ಪಿನ ಗುಡ್ಡೆ ಬಿದ್ದಿತ್ತು. ಮೂಗಿಗೆ ಅಡರುವ ಘಾಟು, ಒದ್ದೆ ಸೌದೆಯ ಹೊಗೆ, ಕಾದ ಮಣ್ಣಿನ ವಾಸನೆ ಎಲ್ಲ ಸೇರಿಕೊಂಡಿತ್ತು. 'ಮೂವತ್ತು ಕೋಲು ನೀನು ಕಟ್ಟು, ಮಿಕ್ಕಿದ್ದು ಅಕ್ಕ ಕಟ್ತಾಳೆ' ಎಂದು ಹೇಳಿ ಹೋಗಿದ್ದ ಅಪ್ಪ. ಅಕ್ಕ ಆಗಲೇ ಕೂತು ಕಟ್ಟುತ್ತಿದ್ದಳು. ನಾನು ಪುಸ್ತಕ ಹಿಡಿದುಕೊಂಡು ಆಕಳಿಸುತ್ತಿದ್ದೆ.

ಆಗ ಐದನೇ ಕ್ಲಾಸಿನ ಐದು ಮಕ್ಕಳು ಬಂದರು. ಮೇಷ್ಟ್ರು ಆರು ವ್ಯಾಕರಣದ ಪ್ರಶ್ನೆ ಕೊಟ್ಟಿದ್ದರು, ಸೋಮವಾರ ಬರೆದು ತೋರಿಸಬೇಕಿತ್ತು. ನಾಲ್ವರು ಸೊಪ್ಪಿನ ಹೊಲದವರ ಮಕ್ಕಳು. ಐದನೆಯವಳು ಊರಬಾಗಿಲಲ್ಲಿ ಗಾಡಿಗೆ ಚಕ್ರ ಮಾಡುತ್ತಿದ್ದ ಸಾಬರ ಮಗಳು. ಅವರಿಗೆ ಹೊಲವಿರಲಿಲ್ಲ, ಸೊಪ್ಪೂ ಇರಲಿಲ್ಲ.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಸೊಪ್ಪು ಕಟ್ಟುವ ಚಪ್ಪರಕ್ಕೆ ಯಾರೇ ಬರಲಿ, ಸುಮ್ಮನೆ ಕೂರುವಂತಿಲ್ಲ. ಮಾತಾಡಲು ಬಂದ ನೆಂಟರೂ ಮಾತಾಡುತ್ತಲೇ ನಾಲ್ಕು ಎಲೆ ಕಟ್ಟಿ ಹೋಗುತ್ತಿದ್ದರು. ಅದು ಪ್ರೀತಿಗೆ ಮಾಡುವ ಕೆಲಸ, ಯಾರೂ ಎಣಿಸುತ್ತಿರಲಿಲ್ಲ. ನಾನು ಎಣಿಸಿದೆ. ಐದು ಮಕ್ಕಳು, ಆರು ಪ್ರಶ್ನೆ. ಐದಾರಲೆ ಮೂವತ್ತು.

'ಒಂದು ಪ್ರಶ್ನೆಗೆ ಒಂದು ಕೋಲು ಕಣ್ರಲಾ. ಕಟ್ಟಿ, ಏಳ್ತೀನಿ' ಎಂದೆ.

ಪಾಪ, ಆ ಮಕ್ಕಳು ಕೂತರು. ಚಕ್ರದ ಸಾಬರ ಮಗಳಿಗೆ ಗಂಟು ಹಾಕುವುದೇ ಗೊತ್ತಿರಲಿಲ್ಲ. ಅಕ್ಕ ಅವಳನ್ನು ಹತ್ತಿರ ಕೂರಿಸಿಕೊಂಡು, ದಾರವನ್ನು ಎಲೆಯ ಕಡ್ಡಿಗೆ ಸುತ್ತಿ ತಿರುವುವುದನ್ನು ನಿಧಾನವಾಗಿ ತೋರಿಸಿದಳು. 'ಯಾಕೋ, ಈ ಎಳೇ ಮಕ್ಳ ಕೈಲಿ ಕಟ್ಟುಸ್ತೀಯಲ್ಲ' ಎಂದು ನನ್ನನ್ನು ಕೇಳಿದಳು. ನಾನು ಕೇಳಿಸದವನ ಹಾಗೆ ಪುಸ್ತಕದ ಹಾಳೆ ತಿರುವಿದೆ. ಮೊದಲ ಐದು ಪ್ರಶ್ನೆಗಳು ಹಳೆಯ ಐದನೇ ಕ್ಲಾಸಿನ ಪುಸ್ತಕದಲ್ಲೇ ಇದ್ದವು. ಅಂಚಿನಲ್ಲಿ ಪೆನ್ಸಿಲ್ ಅಕ್ಷರವಿತ್ತು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಓದಿ ಹೇಳಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವತ್ತು ಕೆಸರಾದದ್ದು ಅವರ ಕೈ, ಮೊಸರು ನನ್ನ ಬಾಯಿಗೆ.

ಆರನೆಯ ಪ್ರಶ್ನೆಯನ್ನು ಮೇಷ್ಟ್ರು ತಾವೇ ಮಾಡಿದ್ದರು. 'ದಿ ಗರ್ಲ್ ಟೈಡ್ ದಿ ಲೀವ್ಸ್', ಹುಡುಗಿ ಎಲೆ ಕಟ್ಟಿದಳು. ಇದನ್ನು ಪ್ರಶ್ನೆಯಾಗಿ ಬದಲಾಯಿಸಿ. ಪುಸ್ತಕದಲ್ಲಿ ಹುಡುಕಿದೆ, ಇರಲಿಲ್ಲ. ಐದು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಗೊತ್ತಿಲ್ಲ ಎಂದರೆ ನಾಳೆ ಇಡೀ ಶಾಲೆಗೆ ಗೊತ್ತಾಗುತ್ತದೆ, ಮೇಷ್ಟ್ರಿಗೂ, ಅಪ್ಪನಿಗೂ. ಅದಕ್ಕೇ ಗಟ್ಟಿಯಾಗಿ ಹೇಳಿಬಿಟ್ಟೆ. 'ಡಿಡ್ ದಿ ಗರ್ಲ್ ಟೈಡ್ ದಿ ಲೀವ್ಸ್. ಬರ್ಕೊಳ್ಳಿ.'

ಅಕ್ಕ ತಲೆ ಎತ್ತದೆ ಮೆಲ್ಲಗೆ ಹೇಳಿದಳು. 'ಅಂಗಲ್ಲ ಕಣೋ. ಡಿಡ್ ಬಂದ್ಮೇಲೆ ಟೈ ಅಂತ್ಲೇ ಇರ್ಬೇಕು. ಕೆಲ್ಸ ಮುಗ್ದೋಗದೆ ಅಂತ ಡಿಡ್ಡೇ ಏಳ್ಬುಡ್ತದಲ್ಲ. ಒಂದು ಬಾಗ್ಲಿಗೆ ಎರಡು ಅಗುಳಿ ಯಾಕೆ?'

ಅವಳು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತು. ಅನ್ನಿಸಿದ್ದರಿಂದಲೇ ಸಿಟ್ಟು ನೆತ್ತಿಗೇರಿತು.

'ಸೊಪ್ಪು ಕಟ್ಟೋಳಿಗೆ ಇಂಗ್ಲಿಷ್ ಯಾಕೆ? ನೀನು ಕೋಲು ನೋಡ್ಕೊ' ಎಂದೆ.

ನಾಲ್ಕು ಮಕ್ಕಳು ಕಿಸಕ್ಕನೆ ನಕ್ಕರು. ಅಕ್ಕನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಎಲೆ ತೆಗೆದುಕೊಂಡಿತು. ಚಕ್ರದ ಸಾಬರ ಮಗಳು ಮಾತ್ರ ನಗಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಮೇಷ್ಟ್ರು ಐದನೇ ಕ್ಲಾಸಿನವರ ಪುಸ್ತಕ ನೋಡಿದರು. ನಾಲ್ಕು ಪುಸ್ತಕದಲ್ಲೂ ಕೊನೆಯ ಉತ್ತರದಲ್ಲಿ ಒಂದೇ ತರಹದ ತಪ್ಪು. ಚಕ್ರದ ಸಾಬರ ಮಗಳದು ಮಾತ್ರ ಸರಿ. ಅವಳನ್ನು ಕರೆದು ಬೆನ್ನು ತಟ್ಟಿ ಪುಸ್ತಕ ಕೊಟ್ಟರು. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು. ಮೇಷ್ಟ್ರು ಆ ಕೈಗಳನ್ನು ನೋಡಿದರು.

'ನಿಮ್ಮನೇಲಿ ಸೊಪ್ಪಿಲ್ವಲ್ಲ, ಕೈ ಯಾಕವ್ವ ಕಪ್ಪಾಗಿದೆ?'

'ಪ್ರಶ್ನೆ ಕೇಳಕ್ಕೆ ಅಣ್ಣನ ಮನೆಗೆ ಓಗಿದ್ದೆ ಸಾ. ಒಂದು ಪ್ರಶ್ನೆಗೆ ಒಂದು ಕೋಲು' ಎಂದಳು ಅವಳು, ನನ್ನ ಕಡೆ ತೋರಿಸಿ. ಚಾಡಿ ಹೇಳುವ ದನಿಯಲ್ಲ, ಕೇಳಿದ್ದಕ್ಕೆ ಹೇಳಿದಳು.

'ಈ ಉತ್ತರ ಅವ್ನೇ ಹೇಳಿದ್ನ?'

'ಇಲ್ಲ ಸಾ. ಅಣ್ಣ ಬೇರೆ ಏಳ್ತು. ಇದು ಅಕ್ಕ ಏಳಿದ್ದು.'

ಮೇಷ್ಟ್ರು ನನ್ನ ಹತ್ತಿರ ಬಂದು 'ಕೈ ತೋರಿಸು' ಎಂದರು. ನಾನು ಅಂಗೈ ಚಾಚಿದೆ. ಊರಿಗೆ ಊರೇ ಕಪ್ಪು ಕೈ ಮಾಡಿಕೊಂಡು ದುಡಿಯುವ ಕಾಲದಲ್ಲಿ, ಬ್ಯಾರನ್ನಿರುವ ಮನೆಯ ಮಗನ ಕೈ ಆಗತಾನೇ ತೊಳೆದ ಬಟ್ಟಲಿನಂತಿತ್ತು. ಮೂರೂ ಕ್ಲಾಸಿನವರು ಕತ್ತು ಚಾಚಿ ನೋಡಿದರು. ಮೇಷ್ಟ್ರ ಕೈಯಲ್ಲಿ ಬೆತ್ತವಿತ್ತು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಶಾಲೆ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ನನ್ನ ಪುಸ್ತಕ ಕೇಳಿದರು. ಹಾಳೆ ತಿರುವಿ ಪೆನ್ಸಿಲ್ ಅಕ್ಷರ ನೋಡಿದರು. ಅವರೇ ತಿದ್ದಿಸಿದ ಅಕ್ಷರ, ಗುರುತು ಸಿಗದೆ ಇರುತ್ತದೆಯೇ? ಪುಸ್ತಕ ಮುಚ್ಚಿ ಹೇಳಿದರು. 'ನಿಮ್ಮಪ್ಪನ ನಾಳೆ ಬರೋಕೆ ಹೇಳು. ನಿಮ್ಮಕ್ಕ ಈಗಲೂ ಹೈಸ್ಕೂಲು ಸೇರಬಹುದು. ನಾನು ಮಾತಾಡ್ತೀನಿ.'

ತಲೆಯಾಡಿಸಿ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಪ್ಪ ಕಳಿಸುವುದು ಒಬ್ಬರನ್ನು. ಮೇಷ್ಟ್ರು ಹೇಳಿದರೆ ಆ ಒಬ್ಬರು ಅಕ್ಕ ಆಗುತ್ತಾಳೆ. ನಾನು ಚಪ್ಪರದಲ್ಲಿ ಕೂತು ಸೊಪ್ಪು ಕಟ್ಟಬೇಕಾಗುತ್ತದೆ. ಹೊಲದ ಬದಿಯಲ್ಲಿ ನಿಂತು ನಾಲ್ಕು ಎಲೆ ಕಿತ್ತು ಎರಡೂ ಅಂಗೈಗೆ ಗಸಗಸ ಉಜ್ಜಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಕೈ ಕಂದಾಗಿತ್ತು.

ಅಪ್ಪ ಒಲೆಗೆ ಸೌದೆ ನೂಕುತ್ತಿದ್ದ. ನನ್ನ ಕೈ ನೋಡಿ, 'ಇಸ್ಕೂಲಿಂದ ಬತ್ತಾ ಬತ್ತಾನೇ ಕೆಲ್ಸಕ್ಕೆ ಕೈ ಹಾಕವ್ನೆ ನೋಡಮ್ಮಿ' ಎಂದು ಅಕ್ಕನಿಗೆ ಹೇಳಿದ. ಅಕ್ಕ ನನ್ನ ಕೈ ನೋಡಿದಳು, ಮುಖ ನೋಡಿದಳು. ಒಳಗೆ ಹೋಗಿ ಒಂದು ಉಂಡೆ ಹುಣಸೆಹಣ್ಣು ತಂದು ಅಂಗೈಯಲ್ಲಿಟ್ಟು, 'ತೊಳ್ಕೊ, ಉಣ್ಣುವಾಗ ಕಹಿಯಾಯ್ತದೆ' ಎಂದಳು. ಮೇಷ್ಟ್ರು ಕರೆದದ್ದನ್ನು ಅಪ್ಪನಿಗೆ ಹೇಳದೆ ಕೈ ತೊಳೆಯಲು ಹೋದೆ.

ಮೂರು ದಿನ ಬಿಟ್ಟು ಮೇಷ್ಟ್ರು ಕೇಳಿದರು, 'ನಿಮ್ಮಪ್ಪ ಬರಲಿಲ್ವಲ್ಲ?' ನಾನು ನೆಲ ನೋಡುತ್ತಾ ಹೇಳಿದೆ, 'ಏಳ್ದೆ ಸಾ. ಎಣ್ಣು ಮಗ, ಬ್ಯಾಡ ಅಂದ್ರು.' ಮೇಷ್ಟ್ರು ನಿಟ್ಟುಸಿರು ಬಿಟ್ಟು ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ವರ್ಷ ನಾನು ಪಿರಿಯಾಪಟ್ಟಣಕ್ಕೆ ಹೋದೆ. ಓದಿದೆ, ನೌಕರಿ ಹಿಡಿದೆ, ನಿಮಗೆ ತಾತನಾದೆ. ಅಕ್ಕನನ್ನು ಮಿರ್ಲೆಗೆ ಮದುವೆ ಮಾಡಿ ಕೊಟ್ಟರು.

ಈಗ ನಿಮ್ಮ ಪ್ರಪಂಚಕ್ಕೆ ಬರುತ್ತೇನೆ. ಹೋದ ಭಾನುವಾರ ನೀವಿಬ್ಬರೂ ಹೋಂವರ್ಕ್ ಹರಡಿಕೊಂಡು ಕೂತಿದ್ದಿರಿ. ಯುಕೆಜಿಯಿಂದಲೇ ಇಂಗ್ಲಿಷ್ ಕಲಿತ ಮಕ್ಕಳು ನೀವು. ಪುಟ್ಟಿ, ನೀನು ಕೇಳಿದೆ, 'ತಾತ, ಗಂಟೆಗೆ ಅವರ್ ಅಂತೀವಲ್ಲ, ಅದು ಎಚ್ ಇಂದ ಶುರುವಾಗುತ್ತೆ. ಎಚ್ ಸ್ವರ ಅಲ್ಲವಲ್ಲ, ಮತ್ತೆ ಆನ್ ಅವರ್ ಅಂತ ಯಾಕೆ?' ಹಾಗೆ ಬರೆಯಬೇಕು ಎಂದು ನನಗೆ ಗೊತ್ತು, ಯಾಕೆ ಎಂದು ಬಿಡಿಸಿ ಹೇಳಲು ಬರಲಿಲ್ಲ. ಬಾಯಿಗೆ ಬಂದದ್ದೊಂದು ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಆ ಚಪ್ಪರ ನೆನಪಾಯಿತು. 'ಗೊತ್ತಿಲ್ಲ ಕಣವ್ವ' ಎಂದೆ. ಐವತ್ತು ವರ್ಷ ತಡವಾಗಿ ಬಂದ ಮಾತು ಅದು. ನೀನು ಫೋನಿನಲ್ಲಿ ಹುಡುಕಲು ಹೊರಟೆ. ನಾನು ತಡೆದು, ಮಿರ್ಲೆ ಅಜ್ಜಿಗೆ ಫೋನು ಮಾಡು ಎಂದೆ. ಇವತ್ತಿಗೂ ಅಲ್ಲಿ ಅಕ್ಕನ ಮನೆಯ ಜಗಲಿಗೆ ಬೀದಿಯ ಮಕ್ಕಳು ಇಂಗ್ಲಿಷ್ ಕೇಳಲು ಬರುತ್ತಾರೆ. ಅವಳು ಅವರ ಕೈಲಿ ಒಂದು ಕಡ್ಡಿ ಕೆಲಸವನ್ನೂ ಮಾಡಿಸುವುದಿಲ್ಲ.

ನಾನು ಫೋನು ತೆಗೆದುಕೊಂಡು ನಿನ್ನ ಪ್ರಶ್ನೆ ಹೇಳಿದಾಗ ಅಕ್ಕ ನಕ್ಕಳು. 'ಸೊಪ್ಪು ಕಟ್ಟೋಳಿಗೆ ಇಂಗ್ಲಿಷ್ ಯಾಕೋ?' ಎಂದಳು.

ಅವಳು ಮರೆತಿರಲಿಲ್ಲ. ನಾನು ಫೋನು ಹಿಡಿದು ಎದ್ದು ಹಿತ್ತಲಿಗೆ ಹೋದದ್ದನ್ನು ನೀವು ನೋಡಿದಿರಿ. ಅಲ್ಲಿ ನಿಂತು ಎಲ್ಲ ಹೇಳಿದೆ. ಪೆನ್ಸಿಲ್ ಅಕ್ಷರದಿಂದ ಹಿಡಿದು, ಮೇಷ್ಟ್ರು ಅಪ್ಪನನ್ನು ಕರೆದದ್ದು, ನಾನು ಹೇಳದೆ ಉಳಿದದ್ದು, ಆಮೇಲೆ ಸುಳ್ಳು ಹೇಳಿದ್ದು, ಎಲ್ಲ. ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು.

'ಮೇಷ್ಟ್ರು ನನ್ನ ಮರ್ತುಬುಟ್ರು ಅನ್ಕೊಂಡಿದ್ದೆ ಕಣೋ' ಎಂದಳು. ಆಮೇಲೆ ಹೇಳಿದಳು, 'ಮಗೀಗೆ ಕೊಡು ಫೋನ.'

ಅವಳು ಹೇಳಿಕೊಟ್ಟದ್ದು ನಿನಗೆ ನೆನಪಿರಬೇಕು, ಪುಟ್ಟಿ. 'ನಾವು ಹಳ್ಳಿ ಅಂತ ಬರ್ದು ಅಳ್ಳಿ ಅನ್ನಲ್ವಾ ಕಣವ್ವ? ಅಂಗೇ ಅದೂ. ಬರಿಯಾಕೆ ಎಚ್ ಅದೆ, ಬಾಯಿಗೆ ಬರಕಿಲ್ಲ. ಬಾಯಿ ಏನಂತದೋ ಅದುನ್ನ ನೋಡಿ ಆನ್ ಹಾಕ್ಬೇಕು.' ನೀನು ಚಪ್ಪಾಳೆ ತಟ್ಟಿದೆ. ಕೊನೆಗೆ ಅವಳು ಹೇಳಿದ್ದನ್ನು ನೀನೇ ಬಂದು ನನಗೆ ಒಪ್ಪಿಸಿದೆ. 'ತಾತ, ಅಜ್ಜಿ ಇನ್ನೊಂದಿನ ನಿಮ್ಮ ಹತ್ರ ಮಾತಾಡ್ತಾರಂತೆ. ಇವತ್ತು ಆಗಲ್ವಂತೆ.'

ನಮ್ಮ ಕಾಲದಲ್ಲಿ ಒಂದು ಮನೆಯಿಂದ ಒಬ್ಬರು ಹೈಸ್ಕೂಲಿಗೆ ಹೋಗುತ್ತಿದ್ದರು, ಇನ್ನೊಬ್ಬರ ಕೈ ಕಪ್ಪಾಗುತ್ತಿತ್ತು. ಈಗ ಬೆಳಗ್ಗೆ ಎಂಟಕ್ಕೆ ಸ್ಕೂಲ್ ವ್ಯಾನು ಬಂದರೆ ಅಣ್ಣ ತಂಗಿ ಇಬ್ಬರೂ ಹತ್ತುತ್ತೀರಿ. ಹತ್ತುವ ಮೊದಲು ನಾನು ದಿನಾ ನಿಮ್ಮಿಬ್ಬರ ಅಂಗೈ ತಿರುಗಿಸಿ ನೋಡುತ್ತೇನೆ. ಕೈ ತೊಳೆದಿದ್ದೀರೋ ಇಲ್ಲವೋ ನೋಡುತ್ತಾನೆ ತಾತ ಎಂದು ನೀವು ಗೊಣಗುತ್ತೀರಿ. ಅದಕ್ಕಲ್ಲ ಮಕ್ಕಳೇ. ನಾಲ್ಕು ಕೈಯೂ ಒಂದೇ ಬಣ್ಣ ಇದೆಯೇ ಎಂದು ನೋಡುತ್ತೇನೆ.