ದಿಲ್ಲಿಯವರ ಹೊತ್ತು

ಸದಾಶಿವನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಖಾನಾಪುರದ ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವಳ ತಮ್ಮನಿಗೆ ಮಾತು ಬರುತ್ತಿರಲಿಲ್ಲ, ಮೇಲೆ ಮೂರ್ಛೆರೋಗ. ಅವನಿಗೆ ಗುಳಿಗೆ ಕೊಡುವ ಹೊತ್ತನ್ನು ಅಕ್ಕ ರೇಡಿಯೋ ಕೇಳಿಯೇ ತಿಳಿಯುತ್ತಿದ್ದಳು. ಬೆಳಗಿನ ವಾರ್ತೆಗೆ ಒಂದು, ಮಧ್ಯಾಹ್ನ ರೈತರ ಮಾತುಕತೆಗೆ ಒಂದು, ಸಂಜೆಯ ನಾಟಕಕ್ಕೆ ಒಂದು. ನಾನು ಮಾತಾಡುವ ಗಡಿಯಾರ ತಂದುಕೊಡುತ್ತೇನೆಂದರೆ ಬೇಡವೆಂದು ಕೈ ಅಲ್ಲಾಡಿಸುತ್ತಿದ್ದಳು.

"ರೇಡಿಯೋದಾಗಿನ ದಿಲ್ಲಿಯವರು ಹೊತ್ತ ತಪ್ಪಸೂದಿಲ್ಲ, ತಂಗಿ."

ಒಂದು ದಿನ ನಾನು ಕೆಲಸದಿಂದ ನಾಲ್ಕಕ್ಕೇ ಬಂದೆ. ಅವರ ಮನೆಯ ರೇಡಿಯೋ ಕ್ರಿಕೆಟ್ ಒದರುತ್ತಿತ್ತು. ಒಳಗೆ ಹೋದರೆ ಅನ್ನ ಆರಿಹೋಗಿತ್ತು, ಅಕ್ಕ ಮುಷ್ಟಿಯಲ್ಲಿ ಗುಳಿಗೆ ಹಿಡಿದು ಕೂತಿದ್ದಳು.

"ಮಧ್ಯಾಹ್ನದ ಗುಳಿಗಿ ಕೊಟ್ಟಿಲ್ಲೇನಕ್ಕಾ?"

"ರೈತರ ಮಾತು ಇನ್ನೂ ಬಂದಿಲ್ಲಲ್ಲ."

"ನಾಕ ಹೊಡೀತು. ಇವತ್ತ ಮ್ಯಾಚ್ ಐತಿ, ಅದು ಬರೂದಿಲ್ಲ."

ಅವಳು ಪಕ್ಕದಲ್ಲಿದ್ದ ತಮ್ಮನ ದವಡೆ ತಡಕಿದಳು. ಅದು ಆಗಲೇ ಬಿಗಿಯುತ್ತಿತ್ತು. ಗುಳಿಗೆ ಬೆವರಿಗೆ ಕರಗಿ ಅವಳ ಅಂಗೈಗೆ ಅಂಟಿತ್ತು.

ಆಸ್ಪತ್ರೆಗೆ ಒಯ್ದೆವು, ತಮ್ಮ ಉಳಿದ. ಗಡಿಯಾರವನ್ನೂ ತಂದುಕೊಟ್ಟೆ. ಆದರೆ ವಾರ್ತೆ ಬಂದರೂ ಗಡಿಯಾರ ನುಡಿದರೂ ಅಕ್ಕ ನಡುಗೋಡೆ ಬಡಿದು ಕೇಳುತ್ತಿದ್ದಳು.

"ಖರೇನ ಹೊತ್ತ ಆಗೇತೇನ, ತಂಗಿ?"

ರಜೆಯ ದಿನ ಹೌದೆನ್ನುತ್ತಿದ್ದೆ. ಉಳಿದ ದಿನ ಮಧ್ಯಾಹ್ನ ಗೋಡೆಯ ಈಚೆ ಯಾರೂ ಇರುತ್ತಿರಲಿಲ್ಲ.